ಆಟಕ್ಕಿಲ್ಲ, ಲೆಕ್ಕಕ್ಕುಂಟು

ಚಿನ್ಮಯಿ, ಹರ್ಷ,

ಈ ಸಲದ ಯುಗಾದಿಯ ದಿನ ಊಟಕ್ಕೆ ಕೂತಾಗ ನೀವು ಕೇಳಿದ್ದು ನೆನಪಿದೆಯೇ? "ಪೃಥ್ವಿ ಅಣ್ಣ ಅಮೆರಿಕದ ಕಾಲೇಜಿಗೆ ಆಡೋಕೆ ಹೋಗ್ತಾನೆ ಅಂತಿದ್ರಲ್ಲ ಅಜ್ಜಿ, ಯಾಕೆ ಹೋಗಲಿಲ್ಲ?" ನಿಮ್ಮ ಅಮ್ಮ ಮಾತು ಬದಲಿಸಿದಳು. ನಾನು ಸಾರು ತರುವ ನೆಪದಲ್ಲಿ ಒಳಗೆ ಹೋದೆ.

ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಬಂದಿಲ್ಲ. ಬರೆಯಲು ಒಂದಿಷ್ಟು ಬರುತ್ತದೆ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮೇಷ್ಟ್ರು ದಿನಾ ಒಂದು ಪುಟ ಕಾಪಿ ಬರೆಸುತ್ತಿದ್ದರು. ಆ ಅಕ್ಷರದಲ್ಲೇ ನಾನು ನ್ಯೂಜಿಲೆಂಡಿಗೆ ಹೋಗಿಬಂದದ್ದನ್ನು ಬರೆದಿಡುತ್ತೇನೆ. ಅಲ್ಲಿ ಏನೇನು ನೋಡಿದೆ ಎಂದು ನೀವು ಕೇಳುತ್ತಲೇ ಇದ್ದೀರಿ, ಅದೂ ಇದರಲ್ಲಿದೆ. ಪೃಥ್ವಿ ಯಾಕೆ ಹೋಗಲಿಲ್ಲ ಎಂಬುದೂ ಇದೆ.

ನಿಮ್ಮ ದೊಡ್ಡಮ್ಮ ಸುಧಾ ಆಕ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದದ್ದು ನಿಮಗೆ ಗೊತ್ತು. ಅವಳು ತೀರಿಕೊಂಡಾಗ ನನಗೆ ಪಾಸ್‌ಪೋರ್ಟೇ ಇರಲಿಲ್ಲ. ಕಾಯಿಲೆ ಎಂದು ತಿಳಿದದ್ದೇ ಕೊನೆಯ ಹದಿನೈದು ದಿನದಲ್ಲಿ. ಪಾಸ್‌ಪೋರ್ಟು ಕೈಗೆ ಬಂದದ್ದು ಹದಿಮೂರನೆಯ ದಿನದ ಊಟ ಮುಗಿದ ಮೇಲೆ. ಆದ್ದರಿಂದ ವರ್ಷದ ತಿಥಿಗೆ ಹೊರಟೆ. ಅದು ಎರಡು ಸಾವಿರದ ಹದಿನೈದನೇ ಇಸವಿ. ಇಲ್ಲಿ ಮಳೆಗಾಲ, ಅಲ್ಲಿ ಚಳಿಗಾಲ.

ಆಕ್ಲೆಂಡ್ ವಿಮಾನ ನಿಲ್ದಾಣ

ವಿಮಾನದಲ್ಲಿ ಒಂದು ಚೀಟಿ ಕೊಡುತ್ತಾರೆ. ಬೀಜ ತಂದಿದ್ದೀರಾ, ಸೊಪ್ಪು ತಂದಿದ್ದೀರಾ, ತಿನ್ನುವ ಪದಾರ್ಥ ಇದೆಯಾ ಎಂದು ಅದರಲ್ಲಿ ಪ್ರಶ್ನೆಗಳು. ಪಕ್ಕದ ಸೀಟಿನ ಹುಡುಗಿ ಹಿಂದಿಯಲ್ಲಿ ಕೇಳಿ ಕೇಳಿ ತುಂಬಿಕೊಟ್ಟಳು. ನಾನು ಎಲ್ಲದಕ್ಕೂ "ಹಾಂ, ಹಾಂ" ಎಂದೆ. ನನ್ನ ಚೀಲದಲ್ಲಿ ಮೆಂತ್ಯದ ಹಿಟ್ಟು, ನಿಂಬೆ ಉಪ್ಪಿನಕಾಯಿ, ಅಂಗಡಿಯ ಪೊಟ್ಟಣದ ಎಳ್ಳು ಇದ್ದವು. ಕೆರೆ ಏರಿಯಲ್ಲಿ ನಾನೇ ಕುಯ್ದು ಒಣಗಿಸಿ ಕಟ್ಟಿದ್ದ ದರ್ಭೆಯ ಕಂತೆಯೂ ಇತ್ತು.

ಇಳಿದ ಮೇಲೆ ಒಂದು ನಾಯಿ ಬಂದು ನನ್ನ ಚೀಲ ಮೂಸಿ, ಅದರ ಪಕ್ಕ ಕೂತುಬಿಟ್ಟಿತು. ನಮ್ಮಲ್ಲಿ ನಾಯಿ ಮೂಸಿದರೆ ಅಟ್ಟುತ್ತೇವೆ. ಅಲ್ಲಿ ನಾಯಿಯ ಮಾತಿಗೆ ಬೆಲೆ. ನನ್ನನ್ನು ಒಂದು ಮೇಜಿನ ಹತ್ತಿರ ಕರೆದರು. ಅಲ್ಲಿದ್ದ ಅಧಿಕಾರಿ ಹೆಂಗಸಿನ ಗಲ್ಲದ ತುಂಬ ಹಚ್ಚೆ. ನನ್ನ ಅಜ್ಜಿಯ ಗಲ್ಲದಲ್ಲೂ ಹಚ್ಚೆಯ ಮೂರು ಚುಕ್ಕಿ ಇದ್ದವು. ಅದನ್ನೇ ನೋಡುತ್ತ ನಿಂತೆ. ಆ ನಾಡಿನ ಮೂಲದ ಜನ ಮಾವೊರಿಗಳು, ಅವರ ಹೆಂಗಸರು ಹಾಗೆ ಹಚ್ಚೆ ಹಾಕಿಸಿಕೊಳ್ಳುತ್ತಾರೆ ಎಂದು ಆಮೇಲೆ ತಿಳಿಯಿತು.

ಆಕೆ ಉಪ್ಪಿನಕಾಯಿ ಬಿಟ್ಟಳು, ಹಿಟ್ಟು, ಎಳ್ಳು ಬಿಟ್ಟಳು. ದರ್ಭೆಯನ್ನು ಎತ್ತಿ ಹಿಡಿದು ಇದು ಯಾತಕ್ಕೆ ಎಂದು ಕೈಸನ್ನೆಯಲ್ಲಿ ಕೇಳಿದಳು. ನನಗೆ ಇಂಗ್ಲಿಷ್ ಬರುವುದಿಲ್ಲ. ಆಕಾಶ ತೋರಿಸಿದೆ. "ಹಸ್ಬೆಂಡ್?" ಎಂದಳು. ಆ ಮಾತು ಗೊತ್ತಿತ್ತು. ಅಲ್ಲ ಎಂದು ತಲೆಯಾಡಿಸಿ, "ಡಾಟರ್" ಎಂದೆ. ಆಕೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ದರ್ಭೆಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಹಿಂದಿನ ಡಬ್ಬಿಗೆ ಹಾಕಿದಳು. ಕಾನೂನು ಎಂದರೆ ಕಾನೂನು. ಅಳು ಬಂತು, ಆದರೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ.

ಸ್ಯಾಂಡ್ರಿಂಗಮ್

ಸುಧಾಳ ಮನೆ ಸ್ಯಾಂಡ್ರಿಂಗಮ್ ಎಂಬ ಬಡಾವಣೆಯಲ್ಲಿ. ಬೀದಿಯ ಎರಡು ಕಡೆಗೂ ನಮ್ಮ ದೇಶದವರ ಅಂಗಡಿಗಳು. ಹುಣಸೆಹಣ್ಣು, ಕರಿಬೇವು, ಹಪ್ಪಳ, ದೇವರ ಬತ್ತಿ ಎಲ್ಲ ಸಿಗುತ್ತವೆ. ಹೊರಡುವ ವಾರ ನಮ್ಮ ತಿಪಟೂರಿನ ಸಂತೆಯಲ್ಲಿ ಸಿಗದಿದ್ದ ನುಗ್ಗೆಸೊಪ್ಪು ಅಲ್ಲಿ ಸಿಕ್ಕಿತು. ಬಸ್ಸಿನಲ್ಲಿ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಎಂದು ಕೂಗಿ ಇಳಿಯುತ್ತಾರೆ, ಶಾಲೆಯ ಮಕ್ಕಳೂ ಸಹ. ನಾನು ನಾಲ್ಕನೆಯ ದಿನ ಧೈರ್ಯ ಮಾಡಿ ಅಂದೆ. ಅಷ್ಟರಲ್ಲಿ ಬಾಗಿಲು ಮುಚ್ಚಿ ಬಸ್ಸು ಹೊರಟಿತ್ತು. ಇನ್ನೊಂದು ವಿಚಿತ್ರ: ಅಂಥ ಚಳಿಯಲ್ಲೂ ಕೆಲವರು ಬರಿಗಾಲಲ್ಲಿ ಅಂಗಡಿಗೆ ಬರುತ್ತಾರೆ. ಪಾಪ, ಚಪ್ಪಲಿಗೆ ಗತಿಯಿಲ್ಲವೇನೋ ಎಂದು ನಾನು ಮರುಗಿದೆ. ಅವರು ಎಷ್ಟು ದೊಡ್ಡ ಕಾರು ಹತ್ತಿ ಹೋದರು ಗೊತ್ತೇ?

ಮನೆಯೊಳಗೂ ಹೊರಗಿನಷ್ಟೇ ಚಳಿ. ಎಲ್ಲ ಮರದ ಮನೆಗಳು. ಒಳಗೆ ಸ್ವೆಟರು, ಕಾಲುಚೀಲ, ಮೇಲೆ ಶಾಲು ಹೊದ್ದು ನಾನು ಮೂಟೆಯ ಹಾಗೆ ಕೂತಿರುತ್ತಿದ್ದೆ.

ಸುಧಾಳ ಮಗ ಪೃಥ್ವಿಗೆ ಆಗ ಇಪ್ಪತ್ತು ತುಂಬಿತ್ತು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕು, ಅಷ್ಟು ಎತ್ತರ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ, ತೀರ ಬೇಕಾದಾಗ ಒಂದಿಷ್ಟು ಕನ್ನಡ. ನಾನು ಕನ್ನಡದಲ್ಲಿ ಕೇಳುವುದು, ಅವನು ತಲೆಯಾಡಿಸಿ ಮಾಡಿಕೊಡುವುದು. ಹೀಗೆ ನಮ್ಮಿಬ್ಬರ ಸಂಸಾರ ನಡೆಯಿತು. ಅವನ ಅಪ್ಪ, ನನ್ನ ಅಳಿಯಂದಿರು, ರೈಲ್ವೆಯ ಸಿಗ್ನಲ್ ಕೆಲಸದವರು. ಎರಡು ವರ್ಷಕ್ಕೂ ಹಿಂದೆ ಅವರಿಗೆ ವೆಲಿಂಗ್ಟನ್ನಿಗೆ ವರ್ಗವಾಗಿತ್ತು. ವಾರವೆಲ್ಲ ಅಲ್ಲಿದ್ದು ಶನಿವಾರ ಬರುತ್ತಿದ್ದರು.

ನನಗೆ ಸುಧಾಳ ಕೋಣೆಯನ್ನೇ ಕೊಟ್ಟರು. ಆಸ್ಪತ್ರೆಯವರು ತಂದು ಹಾಕಿದ್ದ ಮಂಚವನ್ನು ವಾಪಸು ಒಯ್ದಿದ್ದರು. ಅದರ ನಾಲ್ಕು ಕಾಲು ಊರಿದ್ದ ಗುರುತು ನೆಲದ ಜಮಖಾನೆಯ ಮೇಲೆ ಹಾಗೇ ಇತ್ತು. ನಾಲ್ಕು ಸಣ್ಣ ಗುಳಿ. ನನ್ನ ಮಂಚವನ್ನು ಅದರ ಮೇಲೆ ಬರದಂತೆ ಸರಿಸಿಕೊಂಡು ಮಲಗಿದೆ.

ಮೈದಾನ

ಪ್ರತಿದಿನ ಬೆಳಿಗ್ಗೆ ಪೃಥ್ವಿ ಮನೆಯ ಹತ್ತಿರದ ಮೈದಾನಕ್ಕೆ ಹೋಗುತ್ತಿದ್ದ. ನನ್ನನ್ನೂ ಕರೆದುಕೊಂಡು ಹೋಗಿ ಒಂದು ಬೆಂಚಿನ ಮೇಲೆ ಕೂರಿಸುತ್ತಿದ್ದ. ಅವನ ಚೆಂಡು ಗುಂಡಗಿಲ್ಲ, ಬಾದಾಮಿಯ ಹಾಗಿದೆ. ಗೋಲ್ ಕಂಬಕ್ಕೆ ಒಂದು ಹಳೆಯ ಟೈರು ನೇತುಹಾಕಿ, ಅಲ್ಲಿಂದ ಅಷ್ಟು ದೂರ ನಿಂತು, ಚೆಂಡನ್ನು ಅದರ ತೂತಿನಲ್ಲಿ ಹಾಯಿಸುತ್ತಿದ್ದ. ಚೆಂಡು ತಿರುಗುತ್ತ ತಿರುಗುತ್ತ ಹೋಗಿ ಟೈರಿನೊಳಗೆ ನುಗ್ಗುವುದನ್ನು ನೋಡಲು ಬಹಳ ಚೆಂದ.

ಆ ದೇಶದವರ ಆಟ ರಗ್ಬಿ. ಅದರಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಎಸೆಯಬೇಕು. ಪೃಥ್ವಿ ಆಡುವುದು ಅಮೆರಿಕದ ಫುಟ್‌ಬಾಲ್. ಅಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವವನೇ ಮುಖ್ಯ. ಅವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ತನ್ನವರು ಯಾರು ಎಲ್ಲಿ ಓಡುತ್ತಿದ್ದಾರೆಂದು ನೋಡಿ, ಚೆಂಡು ಯಾರಿಗೆ ಎಂದು ತೀರ್ಮಾನಿಸುವವನು ಅವನೇ. ಅಷ್ಟರಲ್ಲಿ ಎದುರಿನ ಆಳುಗಳು ಅವನನ್ನು ಕೆಡವಲು ಗೂಳಿಗಳ ಹಾಗೆ ನುಗ್ಗುತ್ತಾರೆ. ಅವನು ಅವರನ್ನು ನೋಡುವಂತಿಲ್ಲ, ದೂರ ಓಡುವವನನ್ನೇ ನೋಡಬೇಕು. ನಮ್ಮ ಹುಡುಗ ಇದನ್ನು ಶಾಲೆಯಲ್ಲಿದ್ದಾಗ ಒಂದು ಕ್ಲಬ್ಬಿನಲ್ಲಿ ಕಲಿತಿದ್ದ.

ನಾಯಿ ಹಿಡಿದು ಅಲ್ಲಿಗೆ ಬರುತ್ತಿದ್ದ ನೆರೆಯ ಮುದುಕ ಕಾಲಿನ್‌ಗೆ ಇದು ದೊಡ್ಡ ತಮಾಷೆ. ಅವನು ದಿನಾ ಏನೋ ಕೂಗಿ ಹೋಗುತ್ತಿದ್ದ. ಏನಂದ ಎಂದು ಕೇಳಿದರೆ ಪೃಥ್ವಿ ನಗುತ್ತ, "ಸೋಫಾ ಮೈಗೆ ಕಟ್ಕೊಂಡು ಆಡೋದು ಒಂದು ಆಟನಾ ಅಂತೆ" ಎಂದ. ಆ ಆಟಗಾರರು ಭುಜಕ್ಕೆ, ಎದೆಗೆಲ್ಲ ದಪ್ಪ ಮೆತ್ತೆ ಕಟ್ಟಿಕೊಳ್ಳುತ್ತಾರೆ, ಅದಕ್ಕೆ.

ಅವನು ಎಸೆಯುವುದನ್ನು ವಿಡಿಯೋ ಮಾಡಿ ಅಮೆರಿಕದ ಒಂದು ಕಾಲೇಜಿಗೆ ಕಳಿಸಿದ್ದರು. ಅಲ್ಲಿಯ ಕೋಚಿಗೆ ಹಿಡಿಸಿತ್ತು. ಆದರೆ ಒಂದು ತೊಡಕು ಬಿದ್ದಿತ್ತು. ಅದನ್ನು ಪೃಥ್ವಿ ಬೆಂಚಿನ ಮೇಲೆ ಕೂತು, ನನ್ನ ಬೆರಳು ಹಿಡಿದು ಮಡಿಸಿ ಮಡಿಸಿ ತಿಳಿಸಿದ. ಅಲ್ಲಿಯ ನಿಯಮದಲ್ಲಿ, ಜಗತ್ತಿನ ಯಾವ ಕಾಲೇಜಿಗೆ ಹೆಸರು ಬರೆಸಿದರೂ ಸರಿ, ಅಂದಿನಿಂದ ಐದು ವರ್ಷದ ಗಡಿಯಾರ ಓಡಲು ಶುರು. ಐದರಲ್ಲಿ ನಾಲ್ಕು ವರ್ಷ ಪಂದ್ಯ ಆಡಬಹುದು. ಉಳಿದ ಒಂದು ವರ್ಷ ತಂಡದ ಜೊತೆಗಿದ್ದು, ದಿನಾ ಅಭ್ಯಾಸ ಮಾಡಿ, ಪಂದ್ಯ ಆಡದೆ ಕಲಿಯಬಹುದು. ಆ ವರ್ಷವನ್ನು ಆಡಿದ ವರ್ಷದಲ್ಲಿ ಎಣಿಸುವುದಿಲ್ಲ. ಅದಕ್ಕೆ ರೆಡ್‌ಶರ್ಟ್ ಎಂದು ಹೆಸರು.

"ಕೆಂಪು ಅಂಗಿ ಹೊಲಿಸಬೇಕಾ?" ಎಂದೆ.

"ನೋ ಅಜ್ಜಿ, ಅದು ಬರೀ ಹೆಸರು."

"ಹಂಗಾದ್ರೆ ಆಟಕ್ಕುಂಟು ಲೆಕ್ಕಕ್ಕಿಲ್ಲ."

ಅವನಿಗೆ ಆ ಮಾತು ಗೊತ್ತಿರಲಿಲ್ಲ. ಕುಂಟೆಬಿಲ್ಲೆ ಆಡುವಾಗ ಚಿಕ್ಕ ಮಕ್ಕಳು ಅತ್ತರೆ, ಅವರನ್ನೂ ಸೇರಿಸಿಕೊಂಡು ಹಾಗನ್ನುತ್ತೇವೆ ಎಂದು ಹೇಳಿದೆ. ಅವನಿಗೆ ಬಹಳ ಇಷ್ಟವಾಯಿತು. ಎರಡು ಮೂರು ಸಲ ಬಾಯಲ್ಲಿ ಆಡಿಸಿಕೊಂಡ. ಆಮೇಲೆ ಮುಖ ಸಣ್ಣದಾಯಿತು. "ಬಟ್ ಮೈ ಇಯರ್..." ಎಂದು ನಿಲ್ಲಿಸಿ, ಕನ್ನಡಕ್ಕೆ ತಿರುಗಿಸಿಕೊಂಡು, "ನಂದು ಉಲ್ಟಾ ಅಜ್ಜಿ. ಆಟಕ್ಕಿಲ್ಲ, ಲೆಕ್ಕಕ್ಕುಂಟು" ಎಂದ.

ಅವನು ಆಕ್ಲೆಂಡಿನ ಕಾಲೇಜಿಗೆ ಹೆಸರು ಬರೆಸಿದ್ದ. ಎರಡು ತಿಂಗಳು ಹೋಗಿ ಬಿಟ್ಟಿದ್ದ. ಅಂದಿನಿಂದ ಎರಡು ವರ್ಷ ಗಡಿಯಾರದಲ್ಲಿ ಓಡಿಹೋಗಿತ್ತು. ಉಳಿದದ್ದು ಮೂರು. ಅಮೆರಿಕದ ಕೋಚ್ ಏನೆಂದಿದ್ದರೆಂದರೆ, ನ್ಯೂಜಿಲೆಂಡಿನಿಂದ ಬರುವ ಹುಡುಗ ಒಂದು ವರ್ಷ ಕೂತು ಕಲಿಯಲೇಬೇಕು, ಆಮೇಲೆ ನನಗೆ ಅವನು ಮೂರು ವರ್ಷ ಆಡಲು ಬೇಕು. ಒಟ್ಟು ನಾಲ್ಕು. ಕಳೆದುಹೋದ ಎರಡರಲ್ಲಿ ಒಂದನ್ನು ನಿಯಮದವರು ವಾಪಸು ಕೊಟ್ಟರೆ ಕರೆಸಿಕೊಳ್ಳುತ್ತೇನೆ, ಇಲ್ಲವಾದರೆ ಇಲ್ಲ.

ನಾನು ಕೇಳಿದೆ: "ಕಾಲೇಜು ಯಾಕೆ ಬಿಟ್ಟೆ ಮಗ?"

ಅವನು ಎದ್ದು ಟೈರು ಬಿಚ್ಚಲು ಹೋದ.

ಜಾನ್ಸನ್‌ವಿಲ್

ಅದೇ ವಾರ ಅಳಿಯಂದಿರು ನನ್ನನ್ನು ನಾಲ್ಕು ದಿನಕ್ಕೆ ವೆಲಿಂಗ್ಟನ್ನಿಗೆ ಕರೆದುಕೊಂಡು ಹೋದರು. ಅವರು ಇದ್ದದ್ದು ಜಾನ್ಸನ್‌ವಿಲ್ ಎಂಬಲ್ಲಿ, ಗುಡ್ಡದ ಮೇಲೆ. ಪೇಟೆಯಿಂದ ಒಂದು ಪುಟ್ಟ ರೈಲು ಸುರಂಗಗಳೊಳಗೆ ಹೊಕ್ಕು ಹೊರಬಂದು ಅಲ್ಲಿಗೆ ಹತ್ತುತ್ತದೆ. ಆ ಊರಿನ ಗಾಳಿಯನ್ನು ಏನೆಂದು ಹೇಳಲಿ. ರೈಲು ಇಳಿದು ಹೊರಗೆ ಕಾಲಿಟ್ಟ ಕೂಡಲೇ ನನ್ನ ಸೆರಗು ಪಟದ ಹಾಗೆ ಹಾರಿತು. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ನೆರಿಗೆ. ಅಳಿಯಂದಿರ ಎದುರು ಹೀಗಾಯಿತಲ್ಲ ಎಂದು ಪ್ರಾಣ ಹೋದಂತಾಯಿತು. ಒಬ್ಬ ಬಿಳಿಯ ಮುದುಕಿ ಓಡಿ ಬಂದು ಸೆರಗು ಹಿಡಿದು, ತನ್ನ ಕೈಚೀಲದಿಂದ ಪಿನ್ನು ತೆಗೆದು, ನನ್ನ ಭುಜಕ್ಕೆ ಚುಚ್ಚಿ, ಬೆನ್ನು ತಟ್ಟಿ ಹೋದಳು. ಆ ಪಿನ್ನು ಈಗಲೂ ನನ್ನ ಹತ್ತಿರ ಇದೆ.

ಅಳಿಯಂದಿರು ಕಡಿಮೆ ಮಾತಿನವರು. ಎರಡನೆಯ ದಿನ ತಿಂಡಿಯಾದ ಮೇಲೆ ಒಂದು ಫೈಲು ತಂದು ಮೇಜಿನ ಮೇಲಿಟ್ಟರು. "ಅತ್ತೆ, ಪೃಥ್ವಿ ವಿಷಯಕ್ಕೆ ಅಮೆರಿಕಕ್ಕೆ ಕಳಿಸೋ ಕಾಗದ. ಇದರಲ್ಲಿರೋದು ನಿಮಗೆ ಗೊತ್ತಿರಬೇಕು. ಒಂದು ವರ್ಷದಿಂದ ಹೇಳೋಕಾಗದೆ ಒದ್ದಾಡ್ತಿದೀನಿ" ಎಂದರು. ಒಂದೊಂದೇ ಹಾಳೆ ತೆಗೆದು, ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತ ಹೋದರು.

ಮಕ್ಕಳೇ, ನನ್ನ ಮಗಳ ಕಾಯಿಲೆಯನ್ನು ನಾನು ತಿಳಿದದ್ದು ಹೀಗೆ. ಮೊಮ್ಮಗನ ಆಟದ ಅರ್ಜಿಯಲ್ಲಿ. ನಾನು ಹದಿನೈದು ದಿನದ ಕಾಯಿಲೆ ಎಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಅವಳು ನರಳಿದ್ದಳು. ಯಾವ ತಿಂಗಳು ಗಂಟು ಕಂಡಿತು, ಯಾವ ತಿಂಗಳು ಕುಯ್ದರು, ಯಾವಾಗ ಅದು ಬೆನ್ನುಮೂಳೆಗೆ ಇಳಿಯಿತು, ಎಲ್ಲಕ್ಕೂ ತಾರೀಖು ಇತ್ತು. ವಾರವಾರ ನಾನು ಫೋನು ಮಾಡಿ, ಚೆನ್ನಾಗಿದೀಯಾ ಎಂದರೆ ಚೆನ್ನಾಗಿದೀನಮ್ಮ ಎಂದು ಅವಳು ಹೇಳಿದ ವಾರಗಳು ಅವು.

ಅಳಿಯಂದಿರು ಕೆಲಸ ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ಹಗಲೂ ರಾತ್ರಿ ಅವಳ ಹತ್ತಿರ ಇದ್ದವನು ಪೃಥ್ವಿ. ಅದಕ್ಕೇ ಅವನು ಕಾಲೇಜು ಬಿಟ್ಟದ್ದು. ಮನೆಗೆ ನರ್ಸುಗಳು ಬರತೊಡಗಿದ್ದು ಕೊನೆಯ ಮೂರು ತಿಂಗಳಲ್ಲಿ. ಆ ಮೂರು ತಿಂಗಳಿಗೆ ಅವರ ಬರವಣಿಗೆ ಇದೆ. ಅದರ ಹಿಂದಿನದಕ್ಕೆ ಮನೆಯವರ ಮಾತೇ ಸಾಕ್ಷಿ.

"ನಾನು ಹೇಳಿದ್ರೆ ಅಪ್ಪ, ಮಗನ ಪರ ಹೇಳ್ತಾನೆ ಅಂತಾರೆ" ಎಂದರು ಅಳಿಯಂದಿರು. "ಮನೆಯ ಹಿರಿಯರೊಬ್ಬರ ಹತ್ರ ಮಾತಾಡ್ಬೇಕಂತೆ ಆ ಕಾಲೇಜಿನವರು. ನೀವು ಅವಳ ತಾಯಿ. ಮುಂದಿನ ವಾರ ವಿಡಿಯೋ ಫೋನಲ್ಲಿ ಬರ್ತಾರೆ. ಹೆದರ್ಬೇಡಿ ಅತ್ತೆ. ಕೇಳಿದ್ದಕ್ಕೆ ಹೇಳಿ, ಸಾಕು. ಅವನ ಮುಂದಿನ ದಾರಿ ನಿಮ್ಮ ಮಾತಲ್ಲಿದೆ."

ಆಯಿತು ಎಂದೆ. ಉಳಿದ ಎರಡು ದಿನ ಕಿಟಕಿಯ ಹತ್ತಿರ ಕೂತು ಗಾಳಿ ನೋಡಿದೆ.

ಮತ್ತೆ ಸ್ಯಾಂಡ್ರಿಂಗಮ್

ಫೋನಿನ ದಿನ ಬೆಳಿಗ್ಗೆ ಗ್ರೇಸ್ ಬಂದಳು. ಹಾಸನದ ಕಡೆಯ ಹುಡುಗಿ, ಸುಧಾಳ ಜೊತೆ ಅದೇ ಆಸ್ಪತ್ರೆಯಲ್ಲಿ ನರ್ಸ್. ನನ್ನ ಮಾತನ್ನು ಇಂಗ್ಲಿಷಿಗೆ ಹೇಳಲು ಅವಳನ್ನು ಒಪ್ಪಿಸಿದ್ದರು. ನಾನು ಆಡಿದ್ದನ್ನು ಆಡಿದ ಹಾಗೇ ಹೇಳುತ್ತೇನೆ, ಕೂಡಿಸುವುದಿಲ್ಲ, ಕಳೆಯುವುದಿಲ್ಲ ಎಂದು ಅವಳಿಂದ ಮೊದಲೇ ಬರೆಸಿಕೊಂಡಿದ್ದರು. ಪೃಥ್ವಿ ಎದುರಿಗೆ ಇರುವಂತಿಲ್ಲ. ಅವನು ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡ. ಆ ಮನೆಯ ಬಾಗಿಲುಗಳು ತೆಳು ಹಲಗೆಯವು.

ನಾನು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಕಂಪ್ಯೂಟರಿನ ಮುಂದೆ ಕೂತೆ. ತೆರೆಯ ಮೇಲೆ ಒಬ್ಬ ಹೆಂಗಸು ಬಂದಳು. ನಿಮ್ಮ ಅಮ್ಮನ ವಯಸ್ಸು, ನಗುಮುಖ. ಹಿಂದೆ ಗೋಡೆಯ ಮೇಲೆ ಆಟಗಾರರ ಪಟಗಳು. ನನಗೆ ನಮಸ್ಕಾರ ಮಾಡಿದಳು. ಯಾರೋ ಹೇಳಿಕೊಟ್ಟಿದ್ದರೇನೋ, ಕೈ ಜೋಡಿಸುವುದು ಸ್ವಲ್ಪ ಸೊಟ್ಟ ಇತ್ತು.

ಈಗ ನಾನು ಮಾಡಿದ್ದನ್ನು ಬರೆಯಬೇಕು.

ನಮ್ಮಲ್ಲಿ ಹೆಣ್ಣಿನ ಕಡೆಯವರು ಹುಡುಗನ ವಿಷಯ ವಿಚಾರಿಸಲು ಊರಿಗೆ ಬರುತ್ತಾರಲ್ಲ, ಆಗ ಏನು ಹೇಳುತ್ತೇವೆ? ಹುಡುಗ ಬಂಗಾರ, ಒಂದು ದುಶ್ಚಟವಿಲ್ಲ, ಓದಿನಲ್ಲಿ ಮುಂದು, ಮನೆಯಲ್ಲಿ ಯಾರಿಗೂ ಕಾಯಿಲೆಯ ಮಾತೇ ಇಲ್ಲ. ಹೊರಗಿನವರು, ಅದೂ ದೊಡ್ಡ ಜಾಗದವರು, ನಮ್ಮ ಹುಡುಗನ ಬಗ್ಗೆ ಕೇಳಿದರೆ ಹಾಗೆ ಹೇಳುವುದು ಹಿರಿಯರ ಕರ್ತವ್ಯ ಎಂದೇ ನಾನು ಬೆಳೆದವಳು. ಕಾಲೇಜು ಬಿಟ್ಟ ಎನ್ನುವುದು ಅವಮಾನದ ಮಾತು. ಆ ಕಾಯಿಲೆಯ ಹೆಸರನ್ನಂತೂ ನಾವು ಮನೆಯೊಳಗೇ ಆಡುವುದಿಲ್ಲ. ಬೆಳೆದ ಮಗ ತಾಯಿಗೆ ಸ್ನಾನ ಮಾಡಿಸಿದ ಎಂಬುದನ್ನು ಕಂಡರಿಯದವರ ಮುಂದೆ ಯಾವ ಬಾಯಲ್ಲಿ ಹೇಳಲಿ? ಅಳಿಯಂದಿರು ಅವನ ದಾರಿ ನಿಮ್ಮ ಮಾತಲ್ಲಿದೆ ಎಂದಿದ್ದೂ ಕಿವಿಯಲ್ಲಿತ್ತು. ಅವನನ್ನು ಎಷ್ಟು ಚೆನ್ನಾಗಿ ಹೊಗಳಿದರೆ ಅಷ್ಟು ಒಳ್ಳೆಯದು ಎಂದುಕೊಂಡೆ.

ನಿಮ್ಮ ಮಗಳಿಗೆ ಯಾವಾಗಿನಿಂದ ಆರೋಗ್ಯ ಸರಿಯಿರಲಿಲ್ಲ ಎಂದು ಕೇಳಿದಳು. ಕೊನೆಗೆ ಸ್ವಲ್ಪ ದಿನ ಹುಷಾರಿರಲಿಲ್ಲ ಎಂದೆ. ಯಾರು ನೋಡಿಕೊಂಡರು ಎಂದಳು. ನರ್ಸುಗಳು ಬರುತ್ತಿದ್ದರು ಎಂದೆ. ಆಮೇಲೆ ಆಕೆ ಪೆನ್ನು ಕೆಳಗಿಟ್ಟು, ಮೆಲ್ಲಗೆ, ಆ ವರ್ಷ ನಿಮ್ಮ ಮೊಮ್ಮಗ ಏನು ಮಾಡುತ್ತಿದ್ದ ಎಂದು ಕೇಳಿದಳು.

"ಕಾಲೇಜಿಗೆ ಹೋಗ್ತಿದ್ದ" ಎಂದೆ. "ಒಂದು ದಿನಾನೂ ತಪ್ಪಿಸಿಲ್ಲ. ಅಂಥ ಹುಡುಗ ಸಿಗೋದು ಕಷ್ಟ."

ಗ್ರೇಸ್ ನನ್ನ ಮುಖ ನೋಡಿದಳು. "ಅಮ್ಮ, ಇನ್ನೊಂದ್ಸಲ ಯೋಚನೆ ಮಾಡಿ ಹೇಳ್ತೀರಾ?"

ಅವಳಿಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ನಾನು ಇನ್ನೂ ಗಟ್ಟಿಯಾಗಿ, ಅದನ್ನೇ ಹೇಳಿದೆ. ಗ್ರೇಸ್ ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಬರೆದುಕೊಂಡಳು. ಮತ್ತೆ ಕೈ ಜೋಡಿಸಿದಳು. ತೆರೆ ಕಪ್ಪಾಯಿತು.

ಚೆನ್ನಾಗಿ ಹೇಳಿದೆನಾ ಎಂದು ಗ್ರೇಸಳನ್ನು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: "ಅಮ್ಮ, ಅವನು ಒಳ್ಳೆಯವನಾ ಅಂತ ಅವರು ಕೇಳ್ಲಿಲ್ಲ. ಅವನು ಓದು ಬಿಟ್ಟು ಸುಧಕ್ಕನ್ನ ನೋಡ್ಕೊಂಡ ಅಂತ ನಿಮ್ಮ ಬಾಯಲ್ಲಿ ಬರಬೇಕಿತ್ತು. ಅಷ್ಟೇ ಬೇಕಿದ್ದಿದ್ದು."

ಅಡುಗೆಮನೆಯ ಬಾಗಿಲು ತೆರೆದು ಪೃಥ್ವಿ ಬಂದ. ಕೈಯಲ್ಲಿ ತಟ್ಟೆ, ಮೂರು ಲೋಟ ಟೀ. ನಮ್ಮ ಮುಂದೆ ಇಟ್ಟ. "ಆರಿಹೋಗತ್ತೆ, ಕುಡೀರಿ" ಎಂದ. ತಾನು ಕುಡಿಯದೆ ಚೆಂಡು ತೆಗೆದುಕೊಂಡು ಮೈದಾನಕ್ಕೆ ಹೋದ.

ಅಂದೇ ಮಧ್ಯಾಹ್ನ ಗ್ರೇಸ್ ಒಂದು ಕಾಗದ ಬರೆದಳು. ಅಜ್ಜಿ ಮುಜುಗರದಿಂದ ತಪ್ಪು ಹೇಳಿದರು, ನಡೆದದ್ದು ಹೀಗೆ ಎಂದು ಇಂಗ್ಲಿಷಿನಲ್ಲಿ ಮೂರು ಸಾಲು. ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ಹೆಸರಿನ ಕೊನೆಯ ಅಕ್ಷರ ಗೆರೆಯಿಂದ ಕೆಳಗಿಳಿಯಿತು.

ತಿಥಿ

ತಿಥಿಗೆ ನಾಲ್ಕು ದಿನ ಇರುವಾಗ ಅಮೆರಿಕದ ನಿಯಮದವರಿಂದ ಉತ್ತರ ಬಂತು. ಶನಿವಾರ, ಅಳಿಯಂದಿರು ಮನೆಯಲ್ಲಿದ್ದರು. ನಿಂತೇ ಓದಿದರು. ಮೊದಲು ಆಡಿದ ಮಾತು ಒಂದು, ಆಮೇಲೆ ಬರೆದ ಕಾಗದ ಇನ್ನೊಂದು, ಎರಡೂ ಫೈಲಿನಲ್ಲಿವೆ, ಎರಡಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಆ ವರ್ಷವನ್ನು ವಾಪಸು ಕೊಡಲು ಬರುವುದಿಲ್ಲ. ನಿಮ್ಮ ದುಃಖಕ್ಕೆ ನಮ್ಮ ಸಂತಾಪವಿದೆ. ಇಷ್ಟೇ ಇತ್ತಂತೆ. ಕೋಚಿನಿಂದ ಎರಡು ದಿನದ ಮೇಲೆ ಒಂದು ಚಿಕ್ಕ ಕಾಗದ ಬಂತು. ಅವರಿಗೆ ಬೇರೆ ಹುಡುಗ ಸಿಕ್ಕಿದ್ದ.

ಅಳಿಯಂದಿರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದು ಸಂಜೆ ಅವರು ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ಬಿಗಿಮಾಡುತ್ತ ಬಹಳ ಹೊತ್ತು ನಿಂತಿದ್ದರು. ಅದು ಸಡಿಲವಾಗಿರಲಿಲ್ಲ.

ಪುರೋಹಿತರು ತಮ್ಮ ಮನೆಯಿಂದ ದರ್ಭೆ ತಂದರು. ಪೃಥ್ವಿ ಪಂಚೆ ಉಟ್ಟು ಕೂತ. ಅಷ್ಟುದ್ದದ ಕಾಲು ಮಡಿಸಲು ಅವನಿಗೆ ಕಷ್ಟ. ಮಂತ್ರ ಹೇಳಿಕೊಟ್ಟ ಹಾಗೆ ತಪ್ಪಿಲ್ಲದೆ ಹೇಳಿದ. ಎಳ್ಳುನೀರು ಬಿಡುವಾಗ ಆ ದೊಡ್ಡ ಕೈ ಸ್ವಲ್ಪವೂ ಅಲುಗಲಿಲ್ಲ. ತಾಯಿ ಇರುವಾಗಲೇ ಮಗಳಿಗೆ ಎಳ್ಳುನೀರು ಬಿಡುವುದನ್ನು ನೋಡುವ ಪಾಡು ಯಾರಿಗೂ ಬೇಡ.

ಎಲ್ಲರೂ ಊಟ ಮಾಡಿ ಹೋದ ಮೇಲೆ, ಪಾತ್ರೆ ಒರೆಸುತ್ತಿದ್ದವನನ್ನು ನಾನು ಕೇಳಿದೆ. "ನನ್ನ ಮೇಲೆ ಸಿಟ್ಟಿಲ್ವಾ ಮಗ?"

ಅವನು ಯೋಚಿಸಿದ. "ಇದೆ ಅಜ್ಜಿ" ಎಂದ. "ಸ್ವಲ್ಪ ಇದೆ. ಹೋಗತ್ತೆ."

ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಒರೆಸಿದ ತಟ್ಟೆಯನ್ನು ಮತ್ತೆ ಒರೆಸುತ್ತ ಅವನು ಅಂದ: "ಅಮ್ಮನೂ ಹಂಗೇ ಹೇಳ್ತಿದ್ರು. ನಿಮಗೆ. ಎವ್ರಿ ಸಂಡೇ. ಪೃಥ್ವಿ ಕಾಲೇಜಿಗೆ ಹೋಗಿದಾನೆ ಅಂತ."

ಭಾನುವಾರ. ನನ್ನ ಫೋನು ಯಾವಾಗಲೂ ಭಾನುವಾರವೇ. ಹದಿನಾಲ್ಕು ತಿಂಗಳು, ಪ್ರತಿ ಭಾನುವಾರ, ಮೊಮ್ಮಗ ಕಾಲೇಜಿಗೆ ಹೋಗಿದ್ದಾನೆ ಎಂದು ಮಗಳು ಹೇಳಿದಳು, ತಾಯಿ ಕೇಳಿಸಿಕೊಂಡಳು. ಭಾನುವಾರ ಎಂಥ ಕಾಲೇಜು ಎಂದು ನನಗೆ ಒಂದು ಸಲವೂ ಹೊಳೆಯಲಿಲ್ಲ.

"ಆಗ ನೀನು ಎಲ್ಲಿರ್ತಿದ್ದೆ?" ಎಂದೆ. ಅವನು ಹೇಳಿದ.

ಊರು

ನಾನು ಹೊರಡುವ ಮೊದಲು ಪೃಥ್ವಿ ಪೆನ್‌ರೋಸ್ ಎಂಬಲ್ಲಿ ಒಂದು ಗೋದಾಮಿನ ಕೆಲಸಕ್ಕೆ ಸೇರಿದ. ಈಗಲೂ ಅಲ್ಲೇ ಇದ್ದಾನೆ. ಬೆಳಗಿನ ಪಾಳಿ. ಶನಿವಾರ ಕ್ಲಬ್ಬಿಗೆ ಆಡುತ್ತಾನೆ ಎಂದು ಗ್ರೇಸ್ ಹೇಳುತ್ತಾಳೆ. ಫೋನಿನಲ್ಲಿ ನಾನು ಅದರ ಬಗ್ಗೆ ಕೇಳುವುದಿಲ್ಲ, ಅವನು ಹೇಳುವುದಿಲ್ಲ.

ಆ ಅಮೆರಿಕದ ಹೆಂಗಸು ಇನ್ನು ನನ್ನನ್ನು ಕೇಳುವುದಿಲ್ಲ. ನೀವು ಕೇಳಿದಿರಿ. ಅವಳಿಗೆ ಹೇಳಬೇಕಾಗಿದ್ದದ್ದನ್ನು ನಿಮಗೆ ಹೇಳುತ್ತೇನೆ. ಗ್ರೇಸ್ ಬರೆದ ಮೂರು ಸಾಲಿನಲ್ಲಿ ಇದು ಇರಲಿಲ್ಲ.

ಆ ವರ್ಷ ನನ್ನ ಮೊಮ್ಮಗ ಕಾಲೇಜಿಗೆ ಹೋಗಲಿಲ್ಲ. ಚೆಂಡನ್ನೂ ಮುಟ್ಟಲಿಲ್ಲ. ತನ್ನ ತಾಯಿಯನ್ನು ಎತ್ತಿ ಕೂರಿಸಿದ, ಸ್ನಾನ ಮಾಡಿಸಿದ, ಅವಳ ಬಟ್ಟೆ ಒಗೆದ. ಕೂದಲು ಇರುವವರೆಗೆ ಜಡೆ ಹಾಕಿದ. ಮೊದಲು ಬರುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ನೋಡಿ ಕಲಿತ. ಗಂಜಿ ಕಾಯಿಸಿ, ಚಮಚದಲ್ಲಿ ಆರಿಸಿ ಕುಡಿಸಿದ. ಭಾನುವಾರ ನನ್ನ ಫೋನು ಬಂದಾಗ ಅವಳಿಗೆ ಕೈ ಎತ್ತಲು ಆಗುತ್ತಿರಲಿಲ್ಲವಾದ್ದರಿಂದ, ಫೋನನ್ನು ತಾನೇ ಅವಳ ಕಿವಿಗೆ ಹಿಡಿದುಕೊಂಡು, ಅವಳು ಮಾತು ಮುಗಿಸುವವರೆಗೂ, ಮನೆಯಲ್ಲಿ ಇಲ್ಲದವನ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದ.